ಕೂಪೆಗೆ ಬಂದ ಡೀಸೆಲ್

1936ರಲ್ಲಿ ಮರ್ಸಿಡಿಸ್ 260 ಡಿ ಮೂಲಕ ಕಾರಿನೊಳಗೆ ಕಾಲಿಟ್ಟ ಡೀಸೆಲ್ ಎಂಜಿನ್, ಬಹುಕಾಲ ಟ್ಯಾಕ್ಸಿಗಳಿಗೇ ಹೇಳಿಮಾಡಿಸಿದ್ದು ಎನಿಸಿಕೊಂಡಿತ್ತು. ಸಿಲಿಂಡರಿನೊಳಗಿನ ಭಾರೀ ಒತ್ತಡ ತಾಳಲು ಅದರ ಮೈ ದಪ್ಪವಾಗಿರಬೇಕಿತ್ತು. ಪೆಟ್ರೋಲ್ ಎಂಜಿನ್ನಿನಷ್ಟು ವೇಗವಾಗಿ ಅದು ಸುತ್ತುತ್ತಲೂ ಇರಲಿಲ್ಲ. ಹಗುರವಾಗಿ ಚಿಮ್ಮಬೇಕಾದ ಎರಡು ಬಾಗಿಲಿನ ಕಾರಾದ ಕೂಪೆಗೆ ಇವೆರಡೂ ಒಗ್ಗದ ಗುಣಗಳು.

ಈ ಎಣಿಕೆಯನ್ನು ಬದಲಿಸಿದ್ದು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ. 1978ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಮರ್ಸಿಡಿಸ್‌ನ ಪ್ರಯೋಗದ ಕಾರು ಸಿ111-3, ಐದು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ನಿನಿಂದಲೇ ಗಂಟೆಗೆ 300 ಕಿ.ಮೀ. ವೇಗವನ್ನು ಮೀರಿತು. 2006ರಲ್ಲಿ ಆಡಿ ಆರ್10, ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಸ್ಪರ್ಧೆ ಗೆದ್ದ ಮೊದಲ ಡೀಸೆಲ್ ಕಾರಾಯಿತು. ಇಂಧನ ತುಂಬಿಸಲು ಕಡಿಮೆ ಸಲ ನಿಲ್ಲಬೇಕಾದದ್ದೂ ಅಲ್ಲಿ ಡೀಸೆಲ್‌ಗೆ ಒಂದು ಬಲವೇ.

2008ರಲ್ಲಿ ಆಡಿ ಟಿಟಿ ಕೂಪೆಗೆ 170 ಅಶ್ವಶಕ್ತಿಯ 2 ಲೀಟರ್ ಡೀಸೆಲ್ ಬಂತು. ಅದರ ಟಾರ್ಕ್ 350 ನ್ಯೂಟನ್ ಮೀಟರ್. ಜರ್ಮನಿಯ ಹೆದ್ದಾರಿಗಳ ದೂರದ ಓಟಕ್ಕೆ ಇದು ನಿಜಕ್ಕೂ ಸೊಗಸಾದ ಜೋಡಿ. ತಿರುವುಗಳ ಘಾಟಿಯಲ್ಲಿ ಮಾತ್ರ ಹಗುರವಾದ ಪೆಟ್ರೋಲ್ ಎಂಜಿನ್ನೇ ಮೇಲು. 2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ವಂಚಿಸಿದ ಹಗರಣ ಬಯಲಾದ ನಂತರ ಯೂರೋಪಿನಲ್ಲಿ ಡೀಸೆಲ್ ಕಾರುಗಳ ಮಾರಾಟ ಕುಸಿಯಿತು. ಟಿಟಿಯ ಕೊನೆಯ ವರ್ಷಗಳಲ್ಲಿ ಡೀಸೆಲ್ ಆಯ್ಕೆಯೇ ಉಳಿದಿರಲಿಲ್ಲ.