ಗ್ಯಾಸ್ ಗುಳಿಗೆ ನುಂಗಿದರೆ ಹೊಟ್ಟೆಯ ರೋಗಾಣು ಹೋಗುತ್ತದೆಯೇ?

ನಮ್ಮ ಕೋಡ್ಲಾ ಕಡೆ ಎದೆಯುರಿ, ಹುಳಿತೇಗು ಬಂದರೆ ಮೊದಲು ನೆನಪಾಗುವುದು ಮೆಡಿಕಲ್ ಅಂಗಡಿ. 'ಗ್ಯಾಸಿನ ಗುಳಗಿ ಕೊಡ್ರಿ' ಅಂದರೆ ಮುಗಿಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ನುಂಗಿ ಹೊಲಕ್ಕೋ ಕೆಲಸಕ್ಕೋ ಹೋಗುತ್ತೇವೆ. ಹೀಗೇ ವರ್ಷಗಳು ಕಳೆಯುತ್ತವೆ. ತಪ್ಪೆಲ್ಲ ಕೆಂಪು ಖಾರದ ಮೇಲೆ ಹಾಕುತ್ತೇವೆ.

ಖಾರ, ಚಿಂತೆಯನ್ನು ದೂರಿದವರು ನಾವಷ್ಟೇ ಅಲ್ಲ. 1980ರ ಸುಮಾರಿಗೆ ಬಹುತೇಕ ವೈದ್ಯರೂ ಹಾಗೇ ನಂಬಿದ್ದರು. ಹೊಟ್ಟೆಯ ಆಮ್ಲದಲ್ಲಿ ಯಾವ ರೋಗಾಣುವೂ ಬದುಕಲಾರದು ಎಂಬುದು ಅವರ ಲೆಕ್ಕ. ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ 1982ರಲ್ಲಿ ಆ ಲೆಕ್ಕ ತಪ್ಪಿಸಿದರು. ಈಸ್ಟರ್ ರಜೆಯಲ್ಲಿ ಪ್ರಯೋಗಾಲಯದಲ್ಲೇ ಉಳಿದ ತಟ್ಟೆಗಳಲ್ಲಿ ರೋಗಾಣು ಬೆಳೆದಿತ್ತು. ಯಾರೂ ನಂಬದಾಗ 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆಯ ಒಳಪದರದಲ್ಲಿ ಉರಿಯೂತ! ಆ ರೋಗಾಣುವೇ ಹೆಲಿಕೋಬ್ಯಾಕ್ಟರ್ ಪೈಲೋರಿ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅದೇ ಹೊತ್ತಿಗೆ, 1988ರಲ್ಲಿ, ಒಮೆಪ್ರಜೋಲ್ ಮಾರುಕಟ್ಟೆಗೆ ಬಂತು. ಇಂದಿನ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಅದರ ತಮ್ಮಂದಿರು. ಇವು ಆಮ್ಲ ಸುರಿಸುವ ಪಂಪನ್ನೇ ಬಂದ್ ಮಾಡುತ್ತವೆ. ಉರಿ ಶಮನವಾಗುತ್ತದೆ. ಆದರೆ ರೋಗಾಣು?

1996ರಲ್ಲಿ ನೆದರ್ಲೆಂಡ್ಸ್, ಸ್ವೀಡನ್ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ರೋಗಾಣು ಇದ್ದು, ಸುಮಾರು ಐದು ವರ್ಷ ಒಮೆಪ್ರಜೋಲ್ ನುಂಗಿದ 59 ಜನರಲ್ಲಿ 18 ಜನರ ಹೊಟ್ಟೆಯ ಗ್ರಂಥಿಗಳು ಸೊರಗಿದ್ದವು. ರೋಗಾಣು ಇಲ್ಲದೆ ಅದೇ ಗುಳಿಗೆ ನುಂಗಿದ 46 ಜನರಲ್ಲಿ ಹಾಗಾದದ್ದು ಇಬ್ಬರಿಗೆ. ಗುಳಿಗೆಯ ಬದಲು ಶಸ್ತ್ರಚಿಕಿತ್ಸೆಗೆ ಒಳಗಾದ, ರೋಗಾಣು ಇದ್ದ 31 ಜನರಲ್ಲಿ ಒಬ್ಬರಿಗೂ ಇಲ್ಲ.

ಕಾರಣ ಹೀಗೆ: ರೋಗಾಣು ಸಾಮಾನ್ಯವಾಗಿ ಹೊಟ್ಟೆಯ ಕೆಳಭಾಗದಲ್ಲಿ ಹೆಚ್ಚು ಕಾಟ ಕೊಡುತ್ತದೆ. ಆಮ್ಲ ತಗ್ಗಿದರೆ ಅಲ್ಲಿ ಉರಿಯೂತ ಕಡಿಮೆಯಾಗಿ, ಮೇಲೆ ಆಮ್ಲ ತಯಾರಾಗುವ ಭಾಗದಲ್ಲಿ ಹೆಚ್ಚುತ್ತದೆ. ಗ್ರಂಥಿ ಸೊರಗುವುದು ಮುಂದೆ ಕೆಲವರಲ್ಲಿ ಕ್ಯಾನ್ಸರಿಗೆ ಹೋಗುವ ದಾರಿಯ ಒಂದು ಮೆಟ್ಟಿಲು.

ಎಲ್ಲರೂ ಇದನ್ನು ಒಪ್ಪಲಿಲ್ಲ. 1999ರ ಇನ್ನೊಂದು ಅಧ್ಯಯನದಲ್ಲಿ ಮೂರು ವರ್ಷದ ನಂತರ ಗ್ರಂಥಿ ಸೊರಗುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 2004ರ ಅಧ್ಯಯನ ದಾರಿ ತೋರಿಸಿತು: ರೋಗಾಣುವನ್ನು ಕೊಂದರೆ, ಗುಳಿಗೆ ಮುಂದುವರಿಸಿದರೂ ಉರಿಯೂತ ಇಳಿಯುತ್ತದೆ, ಎದೆಯುರಿಯೂ ಹೆಚ್ಚುವುದಿಲ್ಲ.

ಹಾಗಾಗಿ ಗ್ಯಾಸ್ ಗುಳಿಗೆ ವೈರಿಯಲ್ಲ. ರೋಗಾಣು ಕೊಲ್ಲುವ ಚಿಕಿತ್ಸೆಯಲ್ಲೂ, ಸಾಮಾನ್ಯವಾಗಿ 14 ದಿನ, ಆಂಟಿಬಯೋಟಿಕ್ ಜೊತೆ ಅದೇ ಗುಳಿಗೆ ಇರುತ್ತದೆ. ಅದೊಂದನ್ನೇ ನುಂಗಿದರೆ ಮಾತ್ರ ರೋಗಾಣು ಹೋಗುವುದಿಲ್ಲ.

ತಿಂಗಳುಗಟ್ಟಲೆ ಗುಳಿಗೆ ಬೇಕಾಗುತ್ತಿದ್ದರೆ ವೈದ್ಯರನ್ನು ಕೇಳಿ: 'ಪೈಲೋರಿ ಪರೀಕ್ಷೆ ಬೇಕೇನ್ರಿ?' ಮಲ ಅಥವಾ ಉಸಿರಿನ ಪರೀಕ್ಷೆ ಇದೆ, ಎಂಡೋಸ್ಕೋಪಿಯಲ್ಲೂ ತಿಳಿಯುತ್ತದೆ. ಗುಳಿಗೆ ನುಂಗುತ್ತಿದ್ದರೆ ರೋಗಾಣು ಅಡಗಿ, ಪರೀಕ್ಷೆಯಲ್ಲಿ 'ಇಲ್ಲ' ಎಂದು ಬರಬಹುದು. ಅದಕ್ಕೇ ಎರಡು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಆದರೆ ವೈದ್ಯರನ್ನು ಕೇಳದೆ ನೀವೇ ನಿಲ್ಲಿಸಬೇಡಿ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ತೂಕ ಇಳಿದರೆ ಮೆಡಿಕಲ್ ಅಂಗಡಿಗಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಿ.