ದುರ್ಗದ ಹಾವು ಮುಂಬಯಿಗೆ ಹೋದದ್ದು

ಒಂದು ಭಾಷೆಯಲ್ಲಿ ಗೆದ್ದ ಚಿತ್ರವನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ತೆಗೆಯುವುದು ನಮ್ಮ ದೇಶದಲ್ಲಿ ಇಂದು ನಿನ್ನೆಯ ಪದ್ಧತಿಯಲ್ಲ. ರೀಮೇಕ್ ಎಂದ ಕೂಡಲೆ ಮೂಗು ಮುರಿಯುವವರು ಬಹಳ ಮಂದಿ. ನಾನು ಅಷ್ಟೊಂದು ಮಡಿವಂತಳಲ್ಲ. ಪಕ್ಕದ ಮನೆಯವರ ರವಿಕೆಯ ಕತ್ತು ಚೆನ್ನಾಗಿ ಕಂಡರೆ ಅದೇ ಅಳತೆ ಹಿಡಿದು ದರ್ಜಿಯ ಹತ್ತಿರ ಹೋಗುವ ಜನ ನಾವು. ಸಿನಿಮಾದವರನ್ನು ಮಾತ್ರ ಏಕೆ ಬೈಯಬೇಕು? ಆದರೆ ಕೆಲವು ಚಿತ್ರಗಳನ್ನು ಯಾರೂ ಮುಟ್ಟಬಾರದಿತ್ತು ಎಂದು ನನಗೆ ಬಲವಾಗಿ ಅನ್ನಿಸಿದೆ. ಅವುಗಳಲ್ಲಿ ಮೊದಲನೆಯದು 1972ರ ‘ನಾಗರಹಾವು’. ವಿಚಿತ್ರವೆಂದರೆ, ಅದನ್ನು ಹಿಂದಿಯಲ್ಲಿ ಮತ್ತೆ ತೆಗೆದವರು ಬೇರೆ ಯಾರೂ ಅಲ್ಲ, ಅದನ್ನು ಹೆತ್ತ ಪುಟ್ಟಣ್ಣ ಕಣಗಾಲರೇ.

ಪುಟ್ಟಣ್ಣನವರಿಗೆ ರೀಮೇಕ್ ಹೊಸದಾಗಿರಲಿಲ್ಲ. ಅವರು ಪಳಗಿದ್ದು ಬಿ. ಆರ್. ಪಂತುಲು ಅವರ ಗರಡಿಯಲ್ಲಿ. ಪಂತುಲು 1958ರಲ್ಲಿ ಕನ್ನಡದಲ್ಲಿ ‘ಸ್ಕೂಲ್ ಮಾಸ್ಟರ್’ ತೆಗೆದರು. ಬದುಕೆಲ್ಲ ಪಾಠ ಹೇಳಿದ ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಮುಪ್ಪಿನಲ್ಲಿ ಮಕ್ಕಳು ದೂರ ಮಾಡುವ ಕಥೆ. ಗುರುವಿನ ಆ ಚಿತ್ರವನ್ನು 1964ರಲ್ಲಿ ಶಿಷ್ಯ ಮಲಯಾಳದಲ್ಲಿ ನಿರ್ದೇಶಿಸಿದರು. ಪುಟ್ಟಣ್ಣನವರು ನಿರ್ದೇಶಕರಾದದ್ದೇ ಹಾಗೆ. ಮುಂದೆ 1972ರಲ್ಲಿ ಅದು ತೆಲುಗಿನಲ್ಲಿ ‘ಬಡಿ ಪಂತುಲು’ ಆಗಿ ಎನ್.ಟಿ. ರಾಮರಾಯರಿಗೆ ಹೊಂದಿತು, 1973ರಲ್ಲಿ ತಮಿಳಿಗೂ ಹೋಯಿತು. ಹೋದಲ್ಲೆಲ್ಲ ಆ ಮೇಷ್ಟ್ರು ಆ ಊರಿನವರೇ ಆದರು. ಆಗದೆ ಏನು? ಸಾಲ ಮಾಡಿ ಮನೆ ಕಟ್ಟಿದ ಮೇಷ್ಟ್ರು, ಅತ್ತೆ ಮಾವಂದಿರನ್ನು ಹಂಚಿಕೊಳ್ಳುವ ಸೊಸೆಯಂದಿರು ಯಾವ ಊರಿನಲ್ಲಿ ಇಲ್ಲ ಹೇಳಿ!

ಆದ್ದರಿಂದ ರೀಮೇಕ್ ಅಂದರೆ ಪಾಪವೆಂದು ಹೇಳಲಾರೆ. ಕೆಲವು ಕಥೆಗಳು ಬೀಜವಿದ್ದ ಹಾಗೆ, ಎಲ್ಲಿ ಬಿತ್ತಿದರೂ ಮೊಳೆಯುತ್ತವೆ. ಇನ್ನು ಕೆಲವು ಬೆಳೆದು ನಿಂತ ಮರ. ಕಿತ್ತು ಬೇರೆ ಕಡೆ ನೆಟ್ಟರೆ ಎಷ್ಟು ನೀರು ಹೊಯ್ದರೂ ಒಣಗುತ್ತವೆ. ‘ನಾಗರಹಾವು’ ಈ ಎರಡನೆಯ ಜಾತಿಯದು.

ಅದರ ಬೇರು ಎಲ್ಲಿದೆ ನೋಡಿ. ತ.ರಾ.ಸು. ಅವರು ಚಿತ್ರದುರ್ಗವನ್ನು ಉಸಿರಾಡಿದವರು. ಪಾಳೆಯಗಾರರ ಕಾಲದ ಮೇಲೆ ಅವರು ಬರೆದ ಕಾದಂಬರಿಗಳು ಒಂದು ಸಾಲಾಗುವಷ್ಟಿವೆ. ‘ದುರ್ಗಾಸ್ತಮಾನ’ಕ್ಕೆ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದೇ ದುರ್ಗದ ಬೀದಿಯಲ್ಲಿ ಅವರು ಹೊಸ ಕಾಲದ ಹುಡುಗನೊಬ್ಬನನ್ನೂ ಕಂಡಿದ್ದರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣನವರು ಒಂದು ಚಿತ್ರ ಮಾಡಿದರು. ನಿರ್ಮಾಪಕರು ಎನ್. ವೀರಾಸ್ವಾಮಿ. ರಾಮಾಚಾರಿಯಾಗಿ ಬಂದ ಸಂಪತ್ ಕುಮಾರ್ ಎಂಬ ತರುಣ ಈ ಚಿತ್ರದಿಂದ ವಿಷ್ಣುವರ್ಧನ್ ಆದರು. ಜಲೀಲನಾಗಿ ಅಂಬರೀಶ್ ಮೊದಲ ಬಾರಿಗೆ ತೆರೆಗೆ ಬಂದರು. ಅಲಮೇಲುವಾಗಿ ಆರತಿ, ಮಾರ್ಗರೆಟ್ ಆಗಿ ಶುಭಾ, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್, ಮೇಷ್ಟ್ರ ಹೆಂಡತಿ ತುಂಗಮ್ಮನಾಗಿ ಲೀಲಾವತಿ.

ಈ ಚಿತ್ರದಲ್ಲಿ ದುರ್ಗದ ಬಂಡೆಗಳು ಬರಿಯ ನೋಟಕ್ಕಾಗಿ ಇಲ್ಲ. ರಾಮಾಚಾರಿಯ ಹಟ ಆ ಕಲ್ಲಿನ ಹಟ. ಹೈದರಾಲಿ ಎಷ್ಟೋ ಸಲ ಮುತ್ತಿಗೆ ಹಾಕಿ, ಕಡೆಗೆ 1779ರಲ್ಲಿ ವಶಪಡಿಸಿಕೊಂಡ ಕೋಟೆ ಅದು. ಕಿಂಡಿಯಲ್ಲಿ ನುಸುಳಿದ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದ ಓಬವ್ವನ ನೆಲ. ಜಯಂತಿಯವರು ಓಬವ್ವನಾಗಿ ಬರುವ ಹಾಡು ಕಥೆಯ ನಡುವೆ ಬಂದಾಗ, ಇದೇಕೆ ಇಲ್ಲಿ ಎಂದು ಕನ್ನಡದ ಹೆಂಗಸರಾರೂ ಕೇಳಲಿಲ್ಲ. ಒನಕೆ ಹಿಡಿದ ಕೈ ನಮ್ಮದೇ ಕೈ. ಆದರೆ ಅದೇ ಚಿತ್ರದಲ್ಲಿ, ಅದೇ ಊರಿನಲ್ಲಿ, ಅಲಮೇಲುವಿನ ಕೈಯಲ್ಲಿ ಯಾವ ಒನಕೆಯೂ ಇಲ್ಲ. ಇದನ್ನು ನಾವು ಗಮನಿಸಬೇಕು.

ಅಲಮೇಲು ಅಯ್ಯಂಗಾರರ ಮನೆಯ ಹುಡುಗಿ, ರಾಮಾಚಾರಿ ಮಾಧ್ವರವನು. ಹೊರಗಿನವರ ಕಣ್ಣಿಗೆ ಇಬ್ಬರೂ ಬ್ರಾಹ್ಮಣರೇ. ನಡುವೆ ಇರುವ ಗೋಡೆ ನಾಮದಷ್ಟೇ ತೆಳ್ಳಗೆ, ಕೋಟೆಯಷ್ಟೇ ಗಟ್ಟಿ. ಅದರ ಬಿಸಿ ಬಲ್ಲವರು ನಮ್ಮ ಊರುಗಳಲ್ಲಿ ಅಡಿಗೆಮನೆ ಕಂಡವರು ಮಾತ್ರ. ಚಾಮಯ್ಯ ಮೇಷ್ಟ್ರು ಬಂದು ಬಿಟ್ಟುಬಿಡು ಎಂದು ಕೇಳುತ್ತಾರೆ. ಲೋಕಕ್ಕೆಲ್ಲ ಹೆಡೆಯೆತ್ತುವ ಹುಡುಗ ಅವರೆದುರು ತಲೆ ತಗ್ಗಿಸಿ ಅವಳನ್ನು ಬಿಡುತ್ತಾನೆ. ಅಲಮೇಲು ಕಟ್ಟಿಕೊಂಡ ಗಂಡ ಅವಳನ್ನು ಮಾರಿಕೊಳ್ಳುತ್ತಾನೆ. ಮುಂದೊಂದು ದಿನ ರಾಮಾಚಾರಿ ಅವಳನ್ನು ಕಾಣುವುದು ದೊಡ್ಡ ಹೋಟೆಲಿನ ಕೋಣೆಯಲ್ಲಿ. ಆಮೇಲೆ ಮಾರ್ಗರೆಟ್‌ಳನ್ನೂ ಬಿಡು ಎಂದು ಮೇಷ್ಟ್ರು ಅಡ್ಡ ನಿಂತಾಗ ಮೂವರಿಗೂ ಬೆಟ್ಟದ ತುದಿಯೇ ಕೊನೆಯಾಗುತ್ತದೆ.

ಚಿತ್ರ ನೋಡಿದವರೆಲ್ಲ ಚಾಮಯ್ಯ ಮೇಷ್ಟ್ರಿಗಾಗಿ ಅತ್ತರು. ಪ್ರೀತಿಯ ಗುರುವೆಂದರೆ ಇಂದಿಗೂ ನಮ್ಮ ಕಡೆ ಅವರದೇ ಹೆಸರು. ನಾನೂ ಮೇಡಮ್ಮಾಗಿ ಮೂವತ್ತು ವರ್ಷ ಕಳೆದವಳು. ಅಶ್ವತ್ಥರ ಆ ಮುಖ ನೆನೆದರೆ ಕಣ್ಣು ತುಂಬುತ್ತದೆ. ಜೊತೆಗೇ ಸಣ್ಣ ಭಯವೂ ಆಗುತ್ತದೆ. ಒಳ್ಳೆಯ ಮೇಷ್ಟ್ರ ಪ್ರೀತಿಗೆ ಇಷ್ಟು ಬಲ ಇರಬಹುದೆ? ಎರಡು ಹೆಣ್ಣುಗಳ ಬದುಕನ್ನು ಅವರನ್ನು ಕೇಳದೆ ತೀರ್ಮಾನಿಸುವಷ್ಟು?

ನಮ್ಮಲ್ಲಿ ಓದಿ, ಕಾಲೇಜಿನ ಎರಡನೇ ವರ್ಷದಲ್ಲಿದ್ದ ಹುಡುಗಿಯೊಬ್ಬಳ ತಾಯಿ ಒಮ್ಮೆ ನನ್ನ ಬಳಿ ಬಂದರು. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಳು. “ನೀವು ಒಂದು ಮಾತು ಹೇಳಿಬಿಡಿ ಮೇಡಂ, ನೀವಂದ್ರೆ ಅವಳಿಗೆ ದೇವ್ರು. ಬಿಡ್ತೀನಿ ಅಂತ ಮಾತು ತೊಗೊಳ್ಳಿ” ಎಂದರು. ನನ್ನ ಕಣ್ಣ ಮುಂದೆ ಬಂದದ್ದು ಅಲಮೇಲು. “ಮಾತಾಡ್ತೀನಮ್ಮ. ಆದರೆ ಮಾತು ತೊಗೊಳ್ಳಲ್ಲ” ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ಹುಡುಗಿ ಬಂದಳು, ಅವಳು ಹೇಳಿದ್ದನ್ನೆಲ್ಲ ಕೇಳಿದೆ. ಓದು ಮುಗಿಸು, ಕೆಲಸ ಹಿಡಿ, ಆಮೇಲೆ ನಿನಗೆ ಸರಿ ಕಂಡದ್ದು ಮಾಡು ಅಂದೆ. ಅವಳು ಹಾಗೆಯೇ ಮಾಡಿದಳು. ಏನು ತೀರ್ಮಾನಿಸಿದಳೆಂಬುದು ಅವಳಿಗೆ ಬಿಟ್ಟದ್ದು. ಒಂದು ಚಿತ್ರ ನನಗೆ ಇಷ್ಟನ್ನು ಕಲಿಸಿತು. ಬಿ.ಇಡ್. ಪುಸ್ತಕಗಳಲ್ಲಿ ಈ ಪಾಠ ಇರಲಿಲ್ಲ.

ಇಂಥ ಚಿತ್ರವನ್ನು 1974ರಲ್ಲಿ, ಒಂದೇ ವರ್ಷದಲ್ಲಿ, ಮೂರು ಭಾಷೆಗಳಲ್ಲಿ ಮತ್ತೆ ತೆಗೆದರು. ತೆಲುಗಿನಲ್ಲಿ ಶೋಭನ್ ಬಾಬು ಅವರ ‘ಕೋಡೆನಾಗು’, ತಮಿಳಿನಲ್ಲಿ ಶ್ರೀಕಾಂತ್ ಅವರ ‘ರಾಜನಾಗಂ’, ಹಿಂದಿಯಲ್ಲಿ ಪುಟ್ಟಣ್ಣನವರದೇ ‘ಜಹರೀಲಾ ಇನ್ಸಾನ್’. ಹಿಂದಿಯದಕ್ಕೆ ಏನೂ ಕೊರತೆ ಇರಲಿಲ್ಲ. ಹಿಂದಿನ ವರ್ಷವಷ್ಟೇ ‘ಬಾಬಿ’ಯಿಂದ ದೇಶದ ಕಣ್ಮಣಿಯಾಗಿದ್ದ ರಿಷಿ ಕಪೂರ್ ನಾಯಕ. ಮೌಶುಮಿ ಚಟರ್ಜಿ, ನೀತು ಸಿಂಗ್ ನಾಯಕಿಯರು. ಮೇಷ್ಟ್ರಾಗಿ ಪ್ರಾಣ್. ಸಂಗೀತ ಆರ್.ಡಿ. ಬರ್ಮನ್. ಚಿತ್ರೀಕರಣಕ್ಕೆ ಅದೇ ದುರ್ಗದ ಕೋಟೆ. ಅಂಬರೀಶ್ ಕೂಡ ಮತ್ತೆ ಅದೇ ಪಾತ್ರದಲ್ಲಿ! ಆದರೂ ಚಿತ್ರ ಸೋತಿತು. ಇಂದು ಅದರಲ್ಲಿ ಜನರ ಬಾಯಲ್ಲಿ ಉಳಿದಿರುವುದು ಕಿಶೋರ್ ಕುಮಾರ್ ಹಾಡಿದ ಹಂಸಿನಿಯ ಹಾಡೊಂದೇ.

ಸೋತದ್ದು ಏಕೆ? ಸಾಮಾನು ಎಲ್ಲ ಅದೇ ಆದರೂ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಇದು ನಮಗೆಲ್ಲ ಗೊತ್ತಿರುವ ವಿಷಯ. ‘ಬಾಬಿ’ಯ ಮುದ್ದು ಹುಡುಗನನ್ನು ಎದೆಯಲ್ಲಿಟ್ಟುಕೊಂಡವರಿಗೆ ಅವನು ಬುಸುಗುಟ್ಟಿದರೆ ನಂಬಿಕೆ ಬರುವುದು ಕಷ್ಟ. ನಮ್ಮ ರಾಮಾಚಾರಿಗೆ ಅಂಥ ಹಳೆಯ ಮುಖ ಇರಲಿಲ್ಲ. ಅವನು ದುರ್ಗದಿಂದಲೇ ಎದ್ದು ಬಂದ ಹಾಗಿದ್ದ. ಮಾಧ್ವರ ಹುಡುಗನಿಗೂ ಅಯ್ಯಂಗಾರರ ಹುಡುಗಿಗೂ ನಡುವಿನ ಗೋಡೆಯನ್ನು ಉತ್ತರದವರಿಗೆ ವಿವರಿಸುವುದು ಹೇಗೆ? ಅದು ಕಾಣದಿದ್ದರೆ ಮೇಷ್ಟ್ರು ಕೇಳಿದ ತ್ಯಾಗದ ತೂಕವೂ ತಿಳಿಯದು. ಓಬವ್ವ ಯಾರೆಂದು ತಿಳಿಯದವರಿಗೆ ಆ ಕೋಟೆ ಚಂದದ ಕಲ್ಲುಗುಡ್ಡ ಅಷ್ಟೆ. ಪುಟ್ಟಣ್ಣನವರು ಕ್ಯಾಮರಾವನ್ನು ಅದೇ ಜಾಗದಲ್ಲಿ ಇಟ್ಟರು. ಜಾಗದ ನೆನಪನ್ನು ಹಿಂದಿಗೆ ಹೊತ್ತು ಹಾಕಲು ಅವರಿಂದಲೂ ಆಗಲಿಲ್ಲ. ಹತ್ತು ವರ್ಷದ ಹಿಂದೆ ಗುರುವಿನ ಕಥೆಯನ್ನು ಮಲಯಾಳಕ್ಕೆ ದಾಟಿಸಿದ್ದ ಕೈಗೇ ತನ್ನ ಮಗುವನ್ನು ದಾಟಿಸಲು ಬರಲಿಲ್ಲ ಎಂದರೆ ತಪ್ಪು ಕೈಯದಲ್ಲ.

ಇಲ್ಲಿ ಒಂದು ಆಕ್ಷೇಪವನ್ನೂ ಒಪ್ಪಿಕೊಳ್ಳಬೇಕು. ತ.ರಾ.ಸು. ಅವರಿಗೆ ಕನ್ನಡ ಚಿತ್ರವೇ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಸಿಟ್ಟಾದ ಸಂಗತಿ ಪ್ರಸಿದ್ಧ. ಹಾಗಾದರೆ ಪುಟ್ಟಣ್ಣನವರು ಕಾದಂಬರಿಗೆ ಮಾಡಿದ್ದೂ ಅದೇ ಅಲ್ಲವೆ ಎಂದು ನೀವು ಕೇಳಬಹುದು. ನನ್ನ ಉತ್ತರ ಇಷ್ಟು. ಅವರು ಕಾದಂಬರಿಯನ್ನು ಮಾರ್ಪಡಿಸಿದರು ನಿಜ, ಆದರೆ ಊರು ಬಿಡಿಸಲಿಲ್ಲ. ಓದಿದವರ ಮನಸ್ಸಿನಲ್ಲಿದ್ದ ಮೇಷ್ಟ್ರಿಗೆ ಅಶ್ವತ್ಥರ ದನಿ ಸಿಕ್ಕಿತು, ತುಂಗಮ್ಮನಿಗೆ ಲೀಲಾವತಿಯವರ ಕಣ್ಣು ಸಿಕ್ಕಿತು. ಕಳೆದದ್ದು ಇದ್ದರೂ ಗಳಿಸಿದ್ದು ಹೆಚ್ಚು. ಹಿಂದಿಗೆ ಹೋದಾಗ ಕಳೆದದ್ದೇ ಹೆಚ್ಚು.

ಕನ್ನಡದವರಿಗೂ ಆ ಹೆಸರಿನ ಮೋಹ ಬಿಟ್ಟಿಲ್ಲ. 2016ರಲ್ಲಿ ‘ನಾಗರಹಾವು’ ಎಂಬ ಹೆಸರಿನಲ್ಲೇ ಬೇರೆ ಕಥೆಯ ಚಿತ್ರ ಬಂತು. 2009ರಲ್ಲಿ ತೀರಿಕೊಂಡಿದ್ದ ವಿಷ್ಣುವರ್ಧನರನ್ನು ಅದರಲ್ಲಿ ಕಂಪ್ಯೂಟರ್ ಕೈಚಳಕದಿಂದ ತೆರೆಗೆ ತಂದರು. ನನಗೆ ಹಿಡಿಸಿದ್ದು 2018ರ ಜುಲೈಯಲ್ಲಿ ವೀರಾಸ್ವಾಮಿಯವರ ಮಗ ಮಾಡಿದ ಕೆಲಸ. ಹಳೆಯ ಚಿತ್ರದ ಬಣ್ಣ, ಧ್ವನಿಗಳನ್ನು ಹೊಸ ತಂತ್ರದಿಂದ ಚೊಕ್ಕಟ ಮಾಡಿಸಿ, ದೊಡ್ಡ ತೆರೆಗೆ ಒಗ್ಗಿಸಿ ಮತ್ತೆ ಬಿಡುಗಡೆ ಮಾಡಿದರು. ತಾಯಂದಿರು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋದರು. ಅಂಬರೀಶ್ ಆಗ ಇದ್ದರು. ಅದೇ ನವೆಂಬರಿನಲ್ಲಿ ಹೋದರು.

ಅಜ್ಜಿಯ ಕಾಲದ ಹಿತ್ತಾಳೆ ದೀಪಕ್ಕೆ ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಸಾಕು, ಹೊಳೆಯುತ್ತದೆ. ಅದನ್ನು ಕರಗಿಸಿ ಹೊಸ ದೀಪ ಎರಕ ಹೊಯ್ಯಬೇಕಾಗಿಲ್ಲ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಈ ಚಿತ್ರವನ್ನು ಒಮ್ಮೆ ತೋರಿಸಿ. ಮುಗಿದ ಮೇಲೆ ಮೇಷ್ಟ್ರ ಬಗ್ಗೆ ಕೇಳಬೇಡಿ, ಅಲಮೇಲುವಿನ ಬಗ್ಗೆ ಕೇಳಿ. ಅವರು ಏನು ಹೇಳುತ್ತಾರೋ ಸುಮ್ಮನೆ ಕೇಳಿಸಿಕೊಳ್ಳಿ.