ಹಳೇ ಫೋನಿನ ಬುದ್ಧಿ, ಹೊಸ ಫೋನಿನ ಚಾರ್ಜರು



ಈ ವಾರ ತೆಂಗಿನ ನುಸಿ ಬಗ್ಗೆ ಉಳಿದದ್ದನ್ನ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ನಡುವೆ ನಮ್ಮನೆಯಲ್ಲಿ ಒಂದು ಪ್ರಸಂಗ ಆಯ್ತು, ಅದನ್ನ ಹೇಳದೆ ಮುಂದಕ್ಕೆ ಹೋಗೋಕೆ ಮನಸ್ಸಿಲ್ಲ.

ಹೋದ ತಿಂಗಳು ಮಗ ಹೊಸ ಸ್ಮಾರ್ಟ್‌ಫೋನ್ ತಂದುಕೊಟ್ಟ. ಡಬ್ಬಿ ಬಿಚ್ಚಿದರೆ ಫೋನು, ಒಂದು ವೈರು, ಸಿಮ್ ಹಾಕೋ ತಟ್ಟೆ ಹೊರಗೆಳೆಯೋಕೆ ಒಂದು ಸಣ್ಣ ಪಿನ್ನು, ಮೆತ್ತನೆ ಕವರ್ ಅಷ್ಟೇ. ಚಾರ್ಜರ್ ಇಲ್ಲ! "ಅಪ್ಪ, ಈಗ ಹಿಂಗೇ ಬರೋದು, ಒಳ್ಳೇದೊಂದು ತಂದ್ಕೊಡ್ತೀನಿ ತಡಿ" ಅಂದ. ನಾನು ತಡೀಲಿಲ್ಲ. ಸಂತೆಯಲ್ಲಿ ತೊಂಬತ್ತು ರೂಪಾಯಿಗೆ ಒಂದು ಚಾರ್ಜರ್ ತಂದೆ. ಪಿನ್ನು ಸರಿಯಾಗಿ ಕೂತುಕೊಳ್ತು, ಚಾರ್ಜೂ ಏರ್ತು. ಇನ್ನೇನು ಬೇಕು ಅಂದುಕೊಂಡೆ.

ಹತ್ತು ದಿನ ಆದಮೇಲೆ ಒಂದು ಸಂಜೆ ಮಳೆಗಾಳಿಗೆ ನಮ್ಮ ಟಿಸಿ ಹತ್ರ ನ್ಯೂಟ್ರಲ್ ಕಟ್ ಆಯ್ತು. ಬಲ್ಬು ಒಂದೇ ಸಲ ಹಗಲಿನಂಗೆ ಉರೀತು. ಆವಾಗ ಫೋನ್ ಚಾರ್ಜಿಗಿತ್ತು. ಮಗಳ ಫೋನ್ ಬಂತು ಅಂತ ನಮ್ಮನೆಯವಳು ಹಿತ್ತಲಿಂದ ಒದ್ದೆ ಕೈ, ಬರಿಗಾಲಲ್ಲಿ ಬಂದು ಅದನ್ನ ಮುಟ್ಟಿದ್ದೇ ತಡ, ಶಾಕ್ ಹೊಡೀತು. ಫೋನ್ ಕೈಯಿಂದ ಹಾರಿ ಬಿತ್ತು, ಅದೇ ಪುಣ್ಯ. ಕೈಗೆ ಅಂಟಿಕೊಂಡಿದ್ರೆ ನಾನು ಇವತ್ತು ಬರೀತಿದ್ದದ್ದು ಬೇರೆ ಸುದ್ದಿ. ಎರಡು ದಿನ ಬಲಗೈ ಜೋಮು ಹಿಡಿದಂಗೇ ಇತ್ತು ಅಂದಳು. ತಪ್ಪು ಕರೆಂಟಿನದು ಅಂತ ಲೈನ್‌ಮನ್ ಮೇಲೆ ಹಾಕಬಹುದಿತ್ತು. ಆದರೆ ಆ ಚಾರ್ಜರ್ ತಂದವನು ನಾನು.

ಇಪ್ಪತ್ತು ವರ್ಷದಿಂದ ಮೊಬೈಲ್ ಇಟ್ಟುಕೊಂಡವನು ನಾನು, ಹೀಗೆ ಯಾಕೆ ಮಾಡಿದೆ ಅಂತ ಯೋಚಿಸ್ತಾ ಕೂತೆ. ಆಗ ತಿಳೀತು: ಹೊಸ ಫೋನನ್ನ ನಾವು ಬಳಸೋದು ಹಳೇ ಫೋನಿನ ಬುದ್ಧಿಯಿಂದ. ಆ ಒಂದೊಂದು ಅಭ್ಯಾಸಕ್ಕೂ ಅದರ ಕಾಲದಲ್ಲಿ ಕಾರಣ ಇತ್ತು. ಕಾಲ ಹೋಯ್ತು, ಅಭ್ಯಾಸ ಉಳೀತು.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ಕ್ಕೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಜೊತೆ ಮಾತಾಡಿದ್ರು. ಆಗ ಒಳಗೆ ಬರೋ ಕರೆಗೂ ದುಡ್ಡು ಕೊಡಬೇಕಿತ್ತು. ನಮ್ಮಂಥವರು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ತಿದ್ವಿ. 2003ರಲ್ಲಿ ಒಳಬರೋ ಕರೆ ಫ್ರೀ ಆಯ್ತು. ಅದೇ ವರ್ಷ ನೋಕಿಯಾ 1100 ಬಂತು. ಧೂಳು ಒಳಗೆ ಹೋಗದ ಕೀಪ್ಯಾಡು, ಬೆವರಿನ ಕೈಯಿಂದ ಜಾರದ ಹಿಡಿತ, ತಲೆ ಮೇಲೆ ಟಾರ್ಚು. ಲೋಕದಲ್ಲೆಲ್ಲ ಸೇರಿ ಸುಮಾರು 25 ಕೋಟಿ ಮಾರಾಟ ಆದ ಫೋನದು. ತ್ರೀಫೇಸ್ ರಾತ್ರಿ ಪಾಳಿ ಇದ್ದಾಗ ಬದುವಿನ ಮೇಲೆ ಹಾವು ಚೇಳು ನೋಡ್ಕೊಂಡು ಮೋಟಾರ್ ಹಾಕೋಕೆ ಹೋಗ್ತಿದ್ದ ನಮಗೆ ಮಾತಿಗಿಂತ ಆ ಟಾರ್ಚೇ ಹೆಚ್ಚಿನದಾಗಿತ್ತು.

ಈಗ ಅಭ್ಯಾಸಗಳಿಗೆ ಬರ್ತೀನಿ.

ಮೊದಲನೇದು, "ಹೊಸ ಫೋನನ್ನ ಎಂಟು ಗಂಟೆ ಚಾರ್ಜಿಗೆ ಹಾಕು, ಆಮೇಲೆ ಪೂರ್ತಿ ಖಾಲಿ ಆಗೋವರೆಗೂ ಹಾಕಬೇಡ." ಅಂಗಡಿಯವನು ಹೇಳ್ತಿದ್ದ, ನಾವೂ ಹಂಗೇ ಮಾಡ್ತಿದ್ವಿ. ಈ ಮಾತು ಬಂದಿದ್ದು ನಿಕ್ಕಲ್ ಬ್ಯಾಟರಿ ಕಾಲದಿಂದ. ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನ ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದು ಅರ್ಧಕ್ಕೇ ಒಗ್ಗಿಹೋಗ್ತಿತ್ತು. ಅದಕ್ಕೇ ಪೂರ್ತಿ ಖಾಲಿ ಮಾಡಬೇಕಿತ್ತು. 2000ದಲ್ಲಿ ಬಂದ ನೋಕಿಯಾ 3310 ಜೊತೆಗೂ ಮೊದಲು ಕೊಡ್ತಿದ್ದದ್ದು ನಿಕ್ಕಲ್ ಬ್ಯಾಟರಿನೇ. ಆದರೆ 1100ರಲ್ಲಿ ಇದ್ದದ್ದು ಲಿಥಿಯಂ. ಲಿಥಿಯಂ ಅಯಾನ್ ಬ್ಯಾಟರಿಯನ್ನ ಸೋನಿ ಕಂಪನಿ 1991ರಲ್ಲೇ ಮಾರುಕಟ್ಟೆಗೆ ತಂದಿತ್ತು. ಇದರ ಹಿಂದಿನ ಕೆಲಸಕ್ಕೆ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅನ್ನೋ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಲಿಥಿಯಂ ಗುಣ ನಿಕ್ಕಲ್‌ಗೆ ಉಲ್ಟಾ. ಪದೇ ಪದೇ ಸೊನ್ನೆಗೆ ಇಳಿಸಿದರೆ ಅದರ ಆಯಸ್ಸು ಕಮ್ಮಿ. ಇಪ್ಪತ್ತಕ್ಕೆ ಬಂದಾಗ ಹಾಕಿ, ಎಂಬತ್ತು ಎಂಬತ್ತೈದಕ್ಕೆ ತೆಗೆದರೆ ಹೆಚ್ಚು ವರ್ಷ ಬಾಳುತ್ತೆ. ಅಂದರೆ ಇಪ್ಪತ್ತು ವರ್ಷದಿಂದ ನಾವು ರಾಗಿ ಬೆಳೆಗೆ ಭತ್ತದ ನೀರು ಕಟ್ಟಿದಂಗೆ ಮಾಡಿದ್ವಿ. ಇದಕ್ಕೆ ದೊಡ್ಡ ಶತ್ರು ಬಿಸಿ. ಟ್ರ್ಯಾಕ್ಟರ್ ಮೇಲೆ ಬಿಸಿಲಿಗೆ ಇಟ್ಟು, ಶೀಟಿನ ಪಂಪ್‌ಹೌಸಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕೋದು ಬಿಡಬೇಕು. 2007ರಲ್ಲಿ ನೋಕಿಯಾ ಒಂದು ಜಪಾನಿ ಕಂಪನಿ ಮಾಡಿಕೊಟ್ಟಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳನ್ನ ಬದಲಾಯಿಸಿ ಕೊಡ್ತೀವಿ ಅಂದಿದ್ದು ನೆನಪಿದೆಯಾ? ಚಾರ್ಜಿಗಿಟ್ಟಾಗ ಕೆಲವು ವಿಪರೀತ ಬಿಸಿ ಆಗ್ತಿದ್ವು. ನಮ್ಮ ಕಡೆಯೂ ಜನ ಬ್ಯಾಟರಿ ಬಿಚ್ಚಿ ನಂಬರ್ ನೋಡಿದ್ದೇ ನೋಡಿದ್ದು. ಆವಾಗ ಬ್ಯಾಟರಿ ಕೈಯಲ್ಲೇ ಬಿಚ್ಚಬಹುದಿತ್ತು. ಈಗ ಆಗಲ್ಲ. ಫೋನಿನ ಬೆನ್ನು ಉಬ್ಬಿದಂಗೆ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಎರಡನೇದು, ನನ್ನನ್ನ ಕೆಡಿಸಿದ ಅಭ್ಯಾಸ: "ಪಿನ್ನು ಕೂತರೆ ಸಾಕು." ಇದೂ ಸುಮ್ಮನೆ ಹುಟ್ಟಿದ್ದಲ್ಲ. ಆ ಕಾಲದಲ್ಲಿ ಒಂದೊಂದು ಕಂಪನಿಗೆ ಒಂದೊಂದು ಪಿನ್ನು. ನೋಕಿಯಾದಲ್ಲೇ ದಪ್ಪ ಪಿನ್ನು ಬೇರೆ, ಸಣ್ಣ ಪಿನ್ನು ಬೇರೆ. ಮದುವೆಗೆ ಹೋದರೆ "ಸಣ್ಣ ಪಿನ್ ಐತೇನ್ರಣ್ಣಾ" ಅಂತ ಛತ್ರ ಪೂರ್ತಿ ಸುತ್ತಬೇಕಿತ್ತು. ಕೂರೋ ಪಿನ್ನು ಸಿಕ್ಕೋದೇ ಭಾಗ್ಯ ಆಗಿದ್ದಾಗ ಚಾರ್ಜರ್ ಒಳಗೆ ಏನಿದೆ ಅಂತ ಯಾರು ಕೇಳ್ತಾರೆ?

ಪಿನ್ನು ಒಂದಾಗೋಕೆ ಬಹಳ ವರ್ಷ ಹಿಡೀತು. ಯುಎಸ್‌ಬಿ ಅನ್ನೋದು 1996ರಲ್ಲಿ ಕಂಪ್ಯೂಟರಿಗೆ ಅಂತ ಬಂದದ್ದು. ಅದರ ಹಿಂದೆ ದುಡಿದವರಲ್ಲಿ ಬರೋಡಾದಲ್ಲಿ ಓದಿದ ಅಜಯ್ ಭಟ್ ಮುಖ್ಯರು. 2009ರಲ್ಲಿ ಯುರೋಪಿನಲ್ಲಿ ದೊಡ್ಡ ಫೋನ್ ಕಂಪನಿಗಳು ಮೈಕ್ರೋ ಯುಎಸ್‌ಬಿಗೆ ಒಪ್ಪಿದವು. 2014ರಲ್ಲಿ ಟೈಪ್-ಸಿ ಬಂತು, ಹೆಂಗೆ ತಿರುಗಿಸಿ ಹಾಕಿದರೂ ಕೂರುತ್ತೆ. ಆಪಲ್ ಕೂಡ 2023ರಲ್ಲಿ ಅದಕ್ಕೇ ಬಂತು. 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಮಾರೋ ಹೊಸ ಫೋನಿಗೆ ಟೈಪ್-ಸಿ ಕಡ್ಡಾಯ. ಮನೆಮನೆಯಲ್ಲೂ ಚಾರ್ಜರ್ ಇದೆ ಅಂತ ಕಂಪನಿಗಳು ಡಬ್ಬಿಯಿಂದ ಅದನ್ನ ತೆಗೆಯೋಕೆ ಶುರುಮಾಡಿದವು. 2020ರಲ್ಲಿ ಆಪಲ್ ತೆಗೀತು, ಆಮೇಲೆ ಇನ್ನೂ ಕೆಲವರು.

ಎಡವಟ್ಟು ಆಗೋದು ಇಲ್ಲೇ. ಈಗ ಎಲ್ಲಾ ಚಾರ್ಜರಿನ ಪಿನ್ನೂ ಎಲ್ಲಾ ಫೋನಿಗೂ ಕೂರುತ್ತೆ. ಅಂದಮೇಲೆ ಪಿನ್ನು ಕೂತಿದ್ದರಿಂದ ಚಾರ್ಜರ್ ಒಳ್ಳೇದು ಅಂತ ಗೊತ್ತಾಗಲ್ಲ. ಚಾರ್ಜರ್ ಒಳಗೆ ಒಂದು ಕಡೆ ಮನೆ ಕರೆಂಟು, 230 ವೋಲ್ಟು. ಇನ್ನೊಂದು ಕಡೆ ಫೋನಿಗೆ ಹೋಗೋ 5 ವೋಲ್ಟು. ಎರಡರ ನಡುವೆ ಒಂದು ಗಟ್ಟಿ ಬದು ಇರಬೇಕು. ಅಗ್ಗದ ಮಾಲಿನಲ್ಲಿ ಜಾಗ, ಇನ್ಸುಲೇಷನ್ ಉಳಿಸೋಕೆ ಹೋಗಿ ಆ ಬದುವನ್ನೇ ತೆಳ್ಳಗೆ ಮಾಡಿರ್ತಾರೆ. ನ್ಯೂಟ್ರಲ್ ಕಟ್ಟಾದರೆ ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು. ಆಗ ಬದು ಒಡೆದು ಕರೆಂಟು ವೈರಿನಲ್ಲೇ ಫೋನಿಗೆ, ಫೋನಿಂದ ಕೈಗೆ. ನಮ್ಮನೆಯಲ್ಲಿ ಆಗಿದ್ದು ಇದೇ.

ಮೂರನೇದು, ಇದರ ಉಲ್ಟಾ ಭಯ. "65 ವ್ಯಾಟಿನ ಚಾರ್ಜರ್ ಹಾಕಿದರೆ ಸಣ್ಣ ಫೋನು ಸುಟ್ಟುಹೋಗುತ್ತೆ" ಅಂತಾರೆ. 25 ಕೆವಿಎ ಟಿಸಿಗೆ 3 ಎಚ್‌ಪಿ ಮೋಟಾರ್ ಹಾಕಿದರೆ ಮೋಟಾರ್ ಸುಡುತ್ತಾ? ಅದು ತನಗೆ ಬೇಕಾದಷ್ಟು ತಗೊಳ್ಳುತ್ತೆ. ಒಳ್ಳೇ ಚಾರ್ಜರಿನಲ್ಲಿ ಫೋನೂ ಚಾರ್ಜರೂ ಮೊದಲು ಮಾತಾಡಿಕೊಂಡು, ಆಮೇಲೆ ವೋಲ್ಟೇಜ್ ಏರಿಸ್ತವೆ. ನಿಧಾನ ಆಗ್ತಿದ್ದರೆ ವೈರ್ ನೋಡಿ. ದೂರದ ಬೋರಿಗೆ ತೆಳ್ಳನೆ ಕೇಬಲ್ ಎಳೆದರೆ ಮೋಟಾರ್ ಎತ್ತಲ್ಲ ಅಲ್ವಾ, ಇಲ್ಲೂ ಹಂಗೇ.

ಹಂಗಾದರೆ ಚಾರ್ಜರ್ ಕೊಳ್ಳುವಾಗ ಏನು ನೋಡಬೇಕು? ಮೈಮೇಲೆ ಸಣ್ಣ ಅಕ್ಷರದಲ್ಲಿ ಬಿಐಎಸ್ ಗುರುತು, ಐಎಸ್ ನಂಬರು, ಅದರ ಜೊತೆ "ಆರ್" ಅಕ್ಷರದಿಂದ ಶುರುವಾಗೋ ನಂಬರು ಇರಬೇಕು. ಚೌಕದೊಳಗೆ ಚೌಕ ಇರೋ ಚಿತ್ರ ಇದ್ದರೆ ಎರಡು ಪದರ ಇನ್ಸುಲೇಷನ್ ಅಂತ ಅರ್ಥ. ಕಳ್ಳಮಾಲಿನ ಮೇಲೂ ಇವನ್ನ ಅಚ್ಚು ಹಾಕಬಹುದು. ಅದಕ್ಕೇ ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಿ, ಯಾವ ಕಂಪನಿಗೆ ಕೊಟ್ಟಿದ್ದು ಅಂತ ಬರುತ್ತೆ. ಎಷ್ಟೇ ಒಳ್ಳೇ ಚಾರ್ಜರ್ ಇದ್ದರೂ ಚಾರ್ಜಿನಲ್ಲಿರೋ ಫೋನನ್ನ ಒದ್ದೆ ಕೈಯಲ್ಲಿ ಮುಟ್ಟಬೇಡಿ. ಗುಡುಗು ಶುರುವಾದರೆ ಪ್ಲಗ್ಗಿಂದಲೇ ಕಿತ್ತಿಡಿ.

ಒಂದು ಮಾತ್ರ ಹೋಯ್ತಲ್ಲ ಅಂತ ಬೇಜಾರಿದೆ. ಹಳೇ ಫೋನಿಗೆ ಇಯರ್‌ಫೋನ್ ಚುಚ್ಚಿದರೆ ಎಫ್ಎಂ ಬರ್ತಿತ್ತು, ಆ ವೈರೇ ಆಂಟೆನಾ ಆಗ್ತಿತ್ತು. ಕಳೆ ಕೀಳ್ತಾ ಹಾಡು ಕೇಳ್ತಿದ್ವಿ, ನೆಟ್ಟೂ ಬೇಡ, ರೀಚಾರ್ಜೂ ಬೇಡ. ನನ್ನ ಹೊಸ ಫೋನಿಗೆ ಆ ತೂತೇ ಇಲ್ಲ.

ಫೋನ್ ರಿಪೇರಿಗೆ ಹೋಗಿದೆ, ಹೋಗಿದ್ದು ಚಾರ್ಜಿಂಗ್ ಜಾಗ ಮಾತ್ರ ಅಂದಿದ್ದಾರೆ. ಅಲ್ಲಿವರೆಗೂ ಒಟಿಪಿ, ಬ್ಯಾಂಕು, ಮೋಟಾರ್ ಸ್ಟಾರ್ಟರ್ ಎಲ್ಲಾ ಮಗನ ಫೋನಲ್ಲಿ. ನಿನ್ನೆ ಮನೆ, ಪಂಪ್‌ಹೌಸ್, ದನದ ಕೊಟ್ಟಿಗೆ ಎಲ್ಲಾ ಹುಡುಕಿದೆ, ಏಳು ಚಾರ್ಜರ್ ಸಿಕ್ಕವು. ಮೂರರ ಮೇಲೆ ಏನೂ ಬರೆದಿರಲಿಲ್ಲ. ಯಾರೂ ಎತ್ತಿಕೊಂಡು ಮತ್ತೆ ಹಾಕಬಾರದು ಅಂತ ಮೂರರ ಪಿನ್ನೂ ಮುರಿದಿಟ್ಟೆ. ನಮ್ಮನೆಯವಳು ನೋಡಿ "ಇದನ್ನ ಹೋದ ತಿಂಗಳೇ ಮಾಡಿದ್ರೆ ಆಗ್ತಿರ್ಲಿಲ್ವಾ ರೀ" ಅಂದಳು. ಉತ್ತರ ಕೊಡಲಿಲ್ಲ. ಇವತ್ತು ರಾತ್ರಿ ಚಾರ್ಜಿಗೆ ಹಾಕೋ ಮುಂಚೆ ನಿಮ್ಮ ಚಾರ್ಜರನ್ನೂ ಒಂದ್ಸಲ ತಿರುಗಿಸಿ ನೋಡಿ. ಅಕ್ಷರ ಸಣ್ಣದು, ಕನ್ನಡಕ ಬೇಕಾಗುತ್ತೆ.